ತಮಟೆಯ ಮನೆಯಿಂದ ಜಾಝ್‌ಗೆ

ನಾನು ಅಮೆರಿಕದ ಕಪ್ಪು ಜನರಿಂದ ಬಂದ ಜಾಝ್ ಕುಣಿಯುತ್ತೇನೆ ಅಂದರೆ ಚಿಂತಾಮಣಿಯಲ್ಲಿ ಬಹಳ ಜನ ಇದು ಸಿಟಿಯಲ್ಲಿ ಕಲಿತ ಶೋಕಿ ಅಂದುಕೊಳ್ಳುತ್ತಾರೆ. ನನಗೆ ಅದು ಮೊದಲ ದಿನದಿಂದಲೂ ನಮ್ಮ ಮನೆಯ ಕುಣಿತವೇ.

ನಮ್ಮಪ್ಪ ತಮಟೆ ಬಡಿಯುವವರು. ಜಾತ್ರೆ, ಸಾವು, ಮೆರವಣಿಗೆ ಯಾವುದಿದ್ದರೂ ಅವರ ತಂಡಕ್ಕೆ ಕರೆ ಬರುತ್ತೆ. ಹೊರಡುವ ಮುಂಚೆ ಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸುತ್ತಾರೆ. ಬೆರಳಲ್ಲಿ ತಟ್ಟಿ ನೋಡಿ, ಸದ್ದು ಇನ್ನೂ ಮೆತ್ತಗಿದ್ದರೆ ಮತ್ತೆ ಉರಿಗೆ ಹಿಡಿಯುತ್ತಾರೆ. ಎಡ ಹೆಗಲಿಗೆ ತಮಟೆ, ಒಂದು ಕೈಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಕಡ್ಡಿ. ಕೋಲಿನ ಪೆಟ್ಟುಗಳ ನಡುವೆ ಕಡ್ಡಿ ಮಾತಾಡುತ್ತೆ. ಕುಣಿಯುವಾಗ ಮೊಣಕಾಲು ಬಗ್ಗೇ ಇರುತ್ತೆ. ಕಾಲು ಎಷ್ಟೇ ಹಾರಲಿ, ಆ ಹೆಗಲು ಅಲ್ಲಾಡುವಂತಿಲ್ಲ, ಅಲ್ಲಾಡಿದರೆ ಪೆಟ್ಟು ತಪ್ಪಿತು.

ಬೆಂಗಳೂರಿನ ಕ್ಲಾಸಿನಲ್ಲಿ ಮೊದಲು ಕಲಿಸಿದ್ದು ಐಸೊಲೇಷನ್: ಎದೆಗೂಡು ಪಕ್ಕಕ್ಕೆ ಸರಿಯಬೇಕು, ಸೊಂಟ ಇದ್ದಲ್ಲೇ ಇರಬೇಕು. ಆಮೇಲೆ ಸ್ವಿಂಗ್ ಅನ್ನೋ ಬಗೆಯ ಜಾಝ್ ಹಾಡಿಗೆ ಎರಡು ಮತ್ತು ನಾಲ್ಕನೇ ಎಣಿಕೆಗೆ ಚಪ್ಪಾಳೆ. ಜೊತೆಯವರು ಒಂದು, ಮೂರಕ್ಕೇ ಜಾರುತ್ತಿದ್ದರು. ನನಗೆ ಅದು ಅಪ್ಪನ ಕಡ್ಡಿ ಬೀಳುವ ಜಾಗ.

ಒಂದು ರಾತ್ರಿ ಅಪ್ಪನಿಗೆ ಫೋನಿನಲ್ಲಿ ಲಿಂಡಿ ಹಾಪ್ ಅನ್ನೋ ಜೋಡಿ ಕುಣಿತದ ಹಳೆಯ ವಿಡಿಯೊ ತೋರಿಸಿದೆ, ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನವರದ್ದು. "ಇವರೂ ನಮ್ಮಂಗೇ ನೆಲಕ್ಕೆ ಇಳಿದು ಕುಣೀತಾರಲ್ಲೋ. ತಮಟೆ ಎಲ್ಲಿ?" ಅಂದರು. ಹೇಳಿದೆ: 1739ರಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ಆಫ್ರಿಕಾ ಮೂಲದ ಗುಲಾಮರು ಡೋಲು ಬಡಿಯುತ್ತಾ ದಂಗೆ ಎದ್ದರು, ಮರುವರ್ಷವೇ ಅವರ ಕೈಲಿ ಡೋಲು ಇರಕೂಡದು ಅಂತ ಕಾನೂನು ಬಂತು. ಡೋಲು ಹೋದ ಮೇಲೆ ತೊಡೆ, ಎದೆ, ಅಂಗೈ, ಹಿಮ್ಮಡಿಗಳೇ ವಾದ್ಯವಾದವು. ನ್ಯೂ ಆರ್ಲಿಯನ್ಸ್ ಊರಿನ ಕಾಂಗೋ ಸ್ಕ್ವೇರ್ ಅನ್ನೋ ಬಯಲಿನಲ್ಲಿ ಮಾತ್ರ ಭಾನುವಾರದ ಡೋಲು, ಕುಣಿತ ಹೇಗೋ ಉಳಿದುಕೊಂಡವು. ಅಪ್ಪ ಸ್ವಲ್ಪ ಹೊತ್ತು ಬಿಟ್ಟು, "ನಮ್ಮನ್ನ ತಮಟೆ ತಗೊಂಡು ಬಾ ಅಂತಾರೆ, ಗುಡಿ ಒಳಕ್ಕೆ ಬಾ ಅನ್ನಲ್ಲ" ಅಂದರು.

ಹಾರ್ಲೆಮ್‌ನ ಕಾಟನ್ ಕ್ಲಬ್ಬಿನಲ್ಲೂ ಇದೇ ಕತೆ. ಕುಣಿಯುವವರು ಕಪ್ಪು ಜನ, ಕೂತು ನೋಡುವವರು ಬಿಳಿಯರು. 1926ರಲ್ಲಿ ತೆರೆದ ಸವಾಯ್ ಬಾಲ್‌ರೂಮ್ ಅನ್ನೋ ಕುಣಿತದ ಹಾಲ್‌ನಲ್ಲಿ ಇಬ್ಬರೂ ಒಂದೇ ನೆಲದ ಮೇಲೆ ಕುಣಿದರು. ಅಲ್ಲಿ ಕುಣಿಯುತ್ತಿದ್ದ ಕಪ್ಪು ನರ್ತಕ ಫ್ರಾಂಕಿ ಮ್ಯಾನಿಂಗ್ 1935ರಲ್ಲಿ ಜೊತೆಗಾತಿಯನ್ನು ಬೆನ್ನ ಮೇಲಿಂದ ಹಾರಿಸಿ ಇಳಿಸಿದ್ದೇ ಲಿಂಡಿ ಹಾಪ್‌ನ ಮೊದಲ ಏರಿಯಲ್, ಅಂದರೆ ಗಾಳಿಯಲ್ಲಿ ಹಾರಿಸುವ ಪಟ್ಟು, ಅನ್ನುತ್ತಾರೆ. ಅಂಥವರು ಆಮೇಲೆ ಸುಮಾರು ಮೂವತ್ತು ವರ್ಷ ಅಂಚೆ ಇಲಾಖೆಯಲ್ಲಿ ದುಡಿದರು. 1980ರ ದಶಕದಲ್ಲಿ ಎಳೆಯರು ಹುಡುಕಿಕೊಂಡು ಬಂದಾಗ ಮತ್ತೆ ಕಲಿಸಲು ನಿಂತರು. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತೆ.

ನ್ಯೂಯಾರ್ಕಿನ ಬ್ರಾಡ್‌ವೇ ನಾಟಕಗಳ, ಹಾಲಿವುಡ್ ಸಿನಿಮಾಗಳ ಜಾಝ್‌ಗೆ ರೂಪ ಕೊಟ್ಟ ಜ್ಯಾಕ್ ಕೋಲ್ ಭರತನಾಟ್ಯ ಕಲಿತು ಅದನ್ನು ಸ್ವಿಂಗ್ ಸಂಗೀತಕ್ಕೆ ಕೂಡಿಸಿದರು. ಭಾರತದವರಿಗೆ ಹೆಮ್ಮೆಯ ವಿಷಯ ಅಂತ ಇದನ್ನೇ ಮೊದಲು ಹೇಳಿಕೊಡುತ್ತಾರೆ. ಕೋಲ್ ಅವರ ಕೆಲಸದ ಮೇಲೆ ನನಗೆ ತುಂಬ ಗೌರವ ಇದೆ. ಆದರೆ ಕತೆ ಅಲ್ಲಿಂದ ಶುರುವಾದರೆ ಡೋಲು ಕಳಕೊಂಡವರು ಕಾಣೋದೇ ಇಲ್ಲ. ಅದಕ್ಕೇ ನಾನು ಜಾಝ್ ಕಲಿಸುವ ಮಕ್ಕಳಿಗೆ ಕೋಲ್, ಬ್ರಾಡ್‌ವೇಯ ಇನ್ನೊಬ್ಬ ನೃತ್ಯ ನಿರ್ದೇಶಕ ಬಾಬ್ ಫಾಸಿಗಿಂತ ಮುಂಚೆ ಮ್ಯಾನಿಂಗ್ ಹೆಸರು ಬರಬೇಕು, ಹೈಟಿಗೆ ಹೋಗಿ ಅಲ್ಲಿನ ಕುಣಿತ ಕಲಿತು ತನ್ನದೇ ತರಬೇತಿ ಕಟ್ಟಿದ ಕಪ್ಪು ನರ್ತಕಿ ಕ್ಯಾಥರೀನ್ ಡನ್‌ಹ್ಯಾಮ್ ಹೆಸರು ಬರಬೇಕು.

ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿ ಪದ್ಮಶ್ರೀ ಬಂತು. ಆ ಸುದ್ದಿ ಕೇಳಿದ ಮೇಲೆ ಅಪ್ಪ ನನ್ನ ಭಾನುವಾರದ ಕ್ಲಾಸಿಗೆ ಬರೋಕೆ ಒಪ್ಪಿದರು. ವಾರ್ಮಪ್ ಈಗ ಅವರ ಪೆಟ್ಟಿಗೇ ನಡೆಯುತ್ತೆ. ಮಕ್ಕಳು "ಜೋರಾಗಿ ತಾತ, ಇನ್ನೂ ಜೋರಾಗಿ" ಅಂತ ಕೂಗಿದರೆ ಅವರೂ ಹುರುಪಿಗೆ ಏರಿಸಿಬಿಡುತ್ತಾರೆ. ಮೊಣಕಾಲು ಸರಿಯಾಗಿ ಬಗ್ಗುವವರೆಗೂ ನಿಧಾನವೇ ಇರಲಿ ಅಂತ ನಾನು ಇಬ್ಬರಿಗೂ ಹೇಳಬೇಕು.