ಹಂಚು, ಒರಲೆ ಮತ್ತೆ ತಮ್ಮನ ನಳ್ಳಿ

ಇವತ್ತು ಬ್ರಹ್ಮಾವರದ ಹಳೆ ಮನೆಯ ಮಾಡು ಬಿಚ್ಚಿಸಿದೆವು. ಕೊಳ್ಳುವಾಗ ಅಂಗಳದ ಮಾವಿನ ಮರ ನೋಡಿದೆ, ಹಂಚಿನ ಕೆಳಗಿನ ಮರದ ಪಕಾಸು ನೋಡಲಿಲ್ಲ. ನನ್ನ ಬುದ್ಧಿ!

ಆಚಾರಿ ಬೆರಳಲ್ಲಿ ಒತ್ತಿದರು. ಬೆರಳು ಸೀದಾ ಒಳಗೆ ಹೋಯ್ತು. ಒರಲೆ, ಅಂದರೆ ಗೆದ್ದಲು.

"ಮರ ಪೂರಾ ಹೋಗಿದೆ ಮಾರಾಯ್ರೆ. ಹಂಚಿಗೆ ಏನೂ ಆಗ್ಲಿಲ್ಲ."

ಒಂದು ಹಂಚಿನ ಪಾಚಿ ಉಜ್ಜಿದೆ. ಬಾಸೆಲ್ ಮಿಷನ್, 1865 ಅಂತ ಅಚ್ಚು. ಎಷ್ಟು ಹಳೇದು ಅಂತ ಜಂಬಪಟ್ಟೆ. ಅದು ಮಂಗಳೂರಲ್ಲಿ ಆ ಮಿಷನರಿಗಳ ಹಂಚಿನ ಕಾರ್ಖಾನೆ ಶುರುವಾದ ವರ್ಷ, ಈ ಹಂಚು ಸುಟ್ಟ ವರ್ಷ ಅಲ್ಲ ಅಂತ ಆಮೇಲೆ ಹೊಳೆಯಿತು. ಇರಲಿ, ಜಂಬ ಅರ್ಧ ಗಂಟೆಯಾದರೂ ಇತ್ತಲ್ವಾ.

ಫೋಟೋ ತಮ್ಮನಿಗೆ ಕಳಿಸಿದೆ. ಅವನೂ ಅಮೆರಿಕದ ಮಿನ್ನೆಸೋಟದ ಸಣ್ಣ ಊರಲ್ಲಿ ಹಳೆ ಮನೆ ಕೊಂಡು ರಿಪೇರಿ ಮಾಡಿಸುತ್ತಿದ್ದಾನೆ. ಚಳಿ ಜಾಸ್ತಿಯಾದ ರಾತ್ರಿ ನಳ್ಳಿಯಲ್ಲಿ ನೀರು ತೊಟ್ಟಿಕ್ಕಲು ಬಿಟ್ಟೇ ಮಲಗುತ್ತಾನಂತೆ. ಇಲ್ಲದಿದ್ದರೆ ಪೈಪಿನೊಳಗೆ ನೀರು ಹೆಪ್ಪುಗಟ್ಟಿ, ಹಿಗ್ಗಿ, ಪೈಪೇ ಒಡೆಯುತ್ತದಂತೆ.

ಅವನು ಹನಿ ಬೀಳಲಿ ಅಂತ ಕಾಯುವುದು. ನಾನು ಹನಿ ಬೀಳಬಾರದು ಅಂತ ಸಾಲ ಮಾಡುವುದು.

"ಮಳೆ ಹಿಡಿಯುವ ಮೊದಲು ಮುಗೀತದಾ ಅಕ್ಕ?" ಕೇಳಿದ.

ಆಚಾರಿಯ ಮುಖ ನೋಡಿದೆ. ನಿಧಾನಕ್ಕೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು.