ಸಂಗನಕಲ್ಲಿನ ಗುಡ್ಡದಲ್ಲಿ ಏಳನೇ ತರಗತಿ

ಅಕ್ಕ ಸಿರುಗುಪ್ಪ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ಡಿಸೆಂಬರ್ ರಜೆಗೆ ಊರಿಗೆ ಹೋದಾಗ, ಮಕ್ಕಳನ್ನು ಬಳ್ಳಾರಿಗೆ ಕರೆದುಕೊಂಡು ಹೋಗುತ್ತೇನೆ, ನೀನೂ ಬಾ ಎಂದಳು. ಹಂಪಿಗೆ ಯಾಕೆ ಬೇಡ ಎಂದು ಕೇಳಿದೆ. "ಹಂಪಿ ಎಲ್ಲಾರೂ ನೋಡ್ತಾರ. ಇದು ಈ ಹುಡುಗರ ಮನಿ ಕಥಿ, ಬಾ ಸುಮ್ನ" ಎಂದಳು.

ಬಳ್ಳಾರಿಯ ಪುರಾತತ್ವ ಮ್ಯೂಸಿಯಂಗೆ ರಾಬರ್ಟ್ ಬ್ರೂಸ್ ಫೂಟ್ ಹೆಸರಿದೆ. ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ 1863ರ ಮೇ 30ರಂದು ಹಳೆಯ ಶಿಲಾಯುಗದ ಕೈಗೊಡಲಿ ಕಂಡುಹಿಡಿದ ಭೂವಿಜ್ಞಾನಿ ಆತ. ಆಮೇಲೆ ಬಳ್ಳಾರಿ ಸುತ್ತಿನ ಗುಡ್ಡಗಳನ್ನೂ ಹುಡುಕಿದ. ಮ್ಯೂಸಿಯಂ ಒಳಗೆ ಕಪ್ಪು ಕಲ್ಲಿನ ಕೊಡಲಿಗಳಿವೆ. ಅಂಗೈ ಅಗಲ, ಒಂದು ಅಂಚು ನುಣುಪು. ಮಕ್ಕಳು ಒಂದು ಕ್ಷಣ ನೋಡಿ ಮುಂದೆ ಹೋಗುತ್ತಿದ್ದರು.

ಅವರು ನಿಂತಿದ್ದು ಬೂದಿದಿಬ್ಬದ ಮಾತು ಬಂದಾಗ. ಬಳ್ಳಾರಿ ಸೀಮೆಯಲ್ಲಿ ಇಂಥ ದಿಬ್ಬಗಳು ಅಲ್ಲಲ್ಲಿವೆ, ಕುಡತಿನಿಯದ್ದು ತುಂಬಾ ದೊಡ್ಡದು. ಭೀಮ ಸುಟ್ಟ ರಾಕ್ಷಸನ ಬೂದಿ ಎಂದು ಜನ ಹೇಳುತ್ತಿದ್ದರು. ಪರೀಕ್ಷೆ ಮಾಡಿದರೆ ಅದು ದನದ ಸಗಣಿ! ಸಾವಿರಾರು ವರ್ಷದ ಹಿಂದೆ ದೊಡ್ಡಿಗಳಲ್ಲಿ ಗುಡ್ಡೆ ಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದ ದಿಬ್ಬ. ತೆಲಂಗಾಣದ ಉಟ್ನೂರಿನಲ್ಲಿ ಇಂಥದ್ದೇ ದಿಬ್ಬ ಅಗೆದಾಗ ದನಗಳ ಗೊರಸಿನ ಗುರುತೇ ಸಿಕ್ಕಿತ್ತು. "ಮಿಸ್, ಅಷ್ಟು ಕುಳ್ಳು ಯಾಕ ಸುಟ್ರು? ಒಲಿಗೆ ಆಗ್ತಿತ್ತಲ್ಲ" ಎಂದು ಒಬ್ಬಳು ಕೇಳಿದಳು. ಬೆಳಗ್ಗೆ ಎದ್ದು ಕುಳ್ಳು ತಟ್ಟುವ ಹುಡುಗಿ. ಹಬ್ಬವೋ ಪೂಜೆಯೋ ಇರಬಹುದು ಎಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಆ ಪ್ರಶ್ನೆ ಮಾತ್ರ ಅವಳದೇ, ಯಾರೂ ಹೇಳಿಕೊಟ್ಟಿದ್ದಲ್ಲ. ನನಗೆ ತುಂಬಾ ಖುಷಿಯಾಯಿತು.

ಅಲ್ಲಿಂದ ಸಂಗನಕಲ್ಲಿಗೆ ಟೆಂಪೋದಲ್ಲಿ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಹಿರೇಗುಡ್ಡ ಹತ್ತುವಾಗ ಬಂಡೆಗಳ ಮೇಲೆ ಉದ್ದನೆಯ ನುಣುಪು ಗುಳಿಗಳು ಕಂಡವು. ಕೊಡಲಿ ಮಸೆದ ಜಾಗ. ಮೂರೂವರೆ ಸಾವಿರ ವರ್ಷದ ಹಿಂದೆ ಈ ಗುಡ್ಡವೇ ಒಂದು ದೊಡ್ಡ ಕೊಡಲಿ ಕಾರ್ಖಾನೆ. ಅಕ್ಕ ಒಬ್ಬೊಬ್ಬರನ್ನೇ ಕೂರಿಸಿ ಗುಳಿಯೊಳಗೆ ಕೈ ಇಡಿಸಿದಳು. "ನಮ್ಮ ಅಜ್ಜಿ ರುಬ್ಬುಗಲ್ಲು ಹಿಂಗ ಐತಿ ನೋಡ್ರಿ ಸರ" ಎಂದು ಒಬ್ಬ ನನ್ನ ಕೈ ಹಿಡಿದು ಎಳೆದ. ಆ ತಣ್ಣನೆಯ ನುಣುಪು ಈಗಲೂ ಬೆರಳಿನಲ್ಲಿದೆ.

ಮೇಲೆ ಕಪ್ಪು ಕಲ್ಲಿನ ಸಾಲು. ಅದರ ಮೇಲೆ ಉದ್ದ ಕೊಂಬಿನ ಎತ್ತುಗಳನ್ನು ಕುಟ್ಟಿ ಕೆತ್ತಿದ್ದಾರೆ. ಕೆಲವು ಬಂಡೆ ಬಡಿದರೆ ಗಂಟೆಯ ಹಾಗೆ ದನಿ ಕೊಡುತ್ತವೆ, ಆಗಿನವರೂ ಬಡಿದ ಗುಳಿಗಳಿವೆ. ಅಕ್ಕ ಯಾವುದನ್ನೂ ಬಡಿಯಲು ಬಿಡಲಿಲ್ಲ. ಒಂದು ಕೆತ್ತನೆಯಿಲ್ಲದ ಕಲ್ಲನ್ನು ತಾನೇ ಮೆಲ್ಲಗೆ ತಟ್ಟಿದಳು. ಠಣ್! ಗಲಾಟೆಯೆಲ್ಲ ನಿಂತುಹೋಯಿತು. ಕಲ್ಲುಗಣಿಗಾರಿಕೆ ಈ ಗುಡ್ಡಗಳನ್ನು ಈಗಾಗಲೇ ಸಾಕಷ್ಟು ತಿಂದಿದೆ. ಆ ದನಿ ಕೇಳಿದ ಮೇಲೆ ಅದು ಇನ್ನೂ ಜಾಸ್ತಿ ನೋಯಿಸುತ್ತದೆ.

ಕೆಳಗೆ ನೆರಳಲ್ಲಿ ಊಟ. ರೊಟ್ಟಿ, ಹುರುಳಿ ಸಾರು. ಹುರುಳಿ, ಹೆಸರು, ಕೊರಲೆ ಇಲ್ಲಿನ ಆ ಕಾಲದ ಜನರೂ ಉಂಡ ಕಾಳುಗಳು. ಸುಟ್ಟು ಕರಕಾದ ಕಾಳು ಮಣ್ಣಿನಲ್ಲಿ ಸಿಕ್ಕಿವೆ. ಅಕ್ಕ ಅದನ್ನು ಹೇಳಿದ್ದು ಎಲ್ಲರೂ ಉಂಡು ಮುಗಿಸಿದ ಮೇಲೆ. ಇಬ್ಬರು ಮತ್ತೆ ಸಾರು ಕೇಳಿದರು.

ಆಮೇಲೆ ಟೆಂಪೋದಿಂದ ಒಡೆದ ಚಪ್ಪಡಿ, ಮರಳು, ಒಂದು ಕೊಡ ನೀರು ಇಳಿಸಿದೆವು. ಊರಿನ ಜಲ್ಲಿ ರಾಶಿಯಿಂದ ಆರಿಸಿದ ಕಪ್ಪು ಕಲ್ಲಿನ ಚೂರುಗಳನ್ನು ಅಕ್ಕ ಹಂಚಿದಳು. ಗುಡ್ಡದ ಒಂದು ಹರಳನ್ನೂ ಮುಟ್ಟಿಸಲಿಲ್ಲ. ಮರಳು ಹಾಕು, ನೀರು ಚಿಮುಕಿಸು, ಉಜ್ಜು. ಹತ್ತು ನಿಮಿಷಕ್ಕೆ ಭುಜ ನೋವು. ನಾನೂ ಉಜ್ಜಿದೆ. ಒಂದು ಗಂಟೆಯಾದರೂ ಉಗುರಿನಷ್ಟು ಜಾಗ ಮಾತ್ರ ಹೊಳೆಯಿತು. "ಒಂದು ಕೊಡ್ಲಿಗೆ ಎಷ್ಟು ದಿನ ಬೇಕ್ರಿ?" ಯಾರೂ ಉತ್ತರ ಹೇಳಲಿಲ್ಲ, ಎಲ್ಲರೂ ಉಜ್ಜುತ್ತಲೇ ಇದ್ದರು.

ಸಂಕ್ರಾಂತಿ ಆದ ಮೇಲೆ ಅಕ್ಕ ಒಂದು ಫೋಟೋ ಕಳಿಸಿದಳು. ಕುಳ್ಳಿನ ಪ್ರಶ್ನೆ ಕೇಳಿದ ಹುಡುಗಿಯ ಅಂಗೈ, ಅದರಲ್ಲಿ ಕಲ್ಲು. ಬಟ್ಟೆ ಒಗೆಯುವ ಬಂಡೆಯ ಮೇಲೆ ದಿನಾ ಉಜ್ಜುತ್ತಿದ್ದಾಳಂತೆ. ಅಂಚು ಈಗ ಹೆಬ್ಬೆರಳಿನಷ್ಟು ಉದ್ದ ಹೊಳೆಯುತ್ತಿದೆ.