ಆನ್‌ಲೈನ್‌ನಲ್ಲಿ ಮಾರೋದಕ್ಕೂ ಡಿಗ್ರಿ ಬೇಕಾ?

"ಆನ್‌ಲೈನ್‌ನಲ್ಲಿ ಸಾಮಾನು ಮಾರೋದು ತಾನೇ? ಅದಕ್ಕೊಂದು ಡಿಗ್ರಿ ಬೇಕಾ?"

ನಾನು ಇ-ಕಾಮರ್ಸ್‌ನಲ್ಲಿ ಪದವಿ ಓದುತ್ತಿದ್ದೇನೆ. ಈಗ ಕೊನೆಯ ವರ್ಷ. ಸೇರಿದ ದಿನದಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಮೊದಮೊದಲು ನಗುತ್ತಾ ಉತ್ತರ ಕೊಡುತ್ತಿದ್ದೆ. ಆಮೇಲೆ ನಗು ನಿಂತಿತು, ಉತ್ತರವೂ ಚಿಕ್ಕದಾಯಿತು. ಇನ್ನು ಬಾಯಲ್ಲಿ ಹೇಳುವುದಿಲ್ಲ. ಕೇಳಿದವರಿಗೆ ಇದನ್ನೇ ಓದೋಕೆ ಕೊಡುತ್ತೇನೆ.

ಪ್ರಶ್ನೆ ಬಗ್ಗೆ ಬೇಜಾರಿಲ್ಲ. ಬೇಜಾರಾಗುವುದು ಅದರಲ್ಲಿರುವ "ತಾನೇ" ಕೇಳಿದಾಗ. "ತಾನೇ" ಅನ್ನುವವರ ಮನಸ್ಸಲ್ಲಿ ತೀರ್ಮಾನ ಆಗಲೇ ಆಗಿರುತ್ತದೆ. ನಾನು ಹೂಂ ಅಂದರೆ ಸಾಕು. ಡಾಕ್ಟರ್ ಓದುವವರನ್ನು ಯಾರಾದರೂ "ಮಾತ್ರೆ ಬರೆದುಕೊಡೋದು ತಾನೇ" ಅಂತ ಕೇಳುತ್ತಾರಾ?

ಒಂದು ಸಲ ಮನೆ ತುಂಬಾ ನೆಂಟರಿದ್ದಾಗ ಚಿಕ್ಕಪ್ಪ ಕೇಳಿದರು: "ಅಲ್ಲಮ್ಮಾ, ನನ್ನ ಫ್ರೆಂಡ್ ಮಗ ಒಂದು ಮೊಬೈಲ್ ಇಟ್ಕೊಂಡು ಬಟ್ಟೆ ಮಾರ್ತಾನೆ. ಓದಿರೋದು ಹತ್ತನೇ ಕ್ಲಾಸು. ನೀನು ಇಷ್ಟು ವರ್ಷ ಕೂತು ಏನು ಕಲೀತೀಯ?" ಎಲ್ಲರೂ ನನ್ನ ಕಡೆ ತಿರುಗಿದರು. "ತುಂಬಾ ಇದೆ ಚಿಕ್ಕಪ್ಪ" ಅಂದು ಸುಮ್ಮನಾದೆ. ಆ "ತುಂಬಾ" ಅಂದರೆ ಏನು ಅಂತ ಅವತ್ತೇ ಹೇಳಬೇಕಿತ್ತು. ಈಗ ಹೇಳುತ್ತೇನೆ.

ಎರಡನೇ ವರ್ಷ ನಮಗೊಂದು ಪ್ರಾಜೆಕ್ಟ್ ಇತ್ತು. ಐದು ಜನ ಸೇರಿ ಆನ್‌ಲೈನ್‌ನಲ್ಲಿ ಅಂಗಡಿ ತೆರೆಯಬೇಕು, ನಿಜವಾದ ಗಿರಾಕಿಗಳಿಗೆ ಮಾರಬೇಕು. ನಾವು ಕೈಯಲ್ಲೇ ಹೊಲಿದ ನೋಟ್‌ಬುಕ್ ಮಾರಿದೆವು. ಒಟ್ಟು 40 ಮಾಡಿದ್ದೆವು. ಮೂರನೇ ದಿನ ರಾತ್ರಿ ಸ್ಟಾಕ್ ತೆಗೆದು ನೋಡಿದರೆ ಮೈನಸ್ ಒಂದು ಅಂತ ತೋರಿಸುತ್ತಿತ್ತು.

ಇಲ್ಲದ ನೋಟ್‌ಬುಕ್ ಒಂದನ್ನು ಮಾರಿಬಿಟ್ಟಿದ್ದೆವು. ಉಳಿದಿದ್ದ ಒಂದಕ್ಕೆ ಇಬ್ಬರು ಒಟ್ಟೊಟ್ಟಿಗೇ ದುಡ್ಡು ಕಟ್ಟಿದ್ದರು. ನಾವು ಬರೆದ ಪ್ರೋಗ್ರಾಂ ಮೊದಲು ಸ್ಟಾಕ್ ಇದೆಯಾ ಅಂತ ನೋಡುತ್ತಿತ್ತು. ಇದ್ದರೆ ದುಡ್ಡು ತೆಗೆದುಕೊಂಡು, ಆಮೇಲೆ ಒಂದು ಕಳೆಯುತ್ತಿತ್ತು. ನೋಡುವುದಕ್ಕೂ ಕಳೆಯುವುದಕ್ಕೂ ನಡುವೆ ಕೆಲವು ಸೆಕೆಂಡಿನ ಸಂದು. ಎರಡನೆಯವರು ಬಂದದ್ದು ಆ ಸಂದಿನಲ್ಲಿ. ಅವರಿಗೂ "ಒಂದು ಇದೆ" ಅಂತಲೇ ಕಂಡಿತ್ತು. ಅವರ ತಪ್ಪು ಏನೇನೂ ಇಲ್ಲ.

ಡೇಟಾಬೇಸ್ ಪಾಠದಲ್ಲಿ ಟ್ರಾನ್ಸಾಕ್ಷನ್ ಬಗ್ಗೆ ಓದಿದ್ದೆವು. ಕೆಲಸ ಪೂರ್ತಿ ಆಗಬೇಕು, ಇಲ್ಲವಾದರೆ ಏನೂ ಆಗಿರಬಾರದು. ಒಬ್ಬರದು ಮುಗಿಯುವ ತನಕ ಇನ್ನೊಬ್ಬರದು ಅದರೊಳಗೆ ಕೈ ಹಾಕಬಾರದು. ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿದ್ದೆ, ಮಾರ್ಕ್ಸೂ ಬಂದಿತ್ತು. ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ ಅವರಿಗೆ ಆ ಕ್ಷೇತ್ರದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 1998ರಲ್ಲಿ ಬಂದಿದ್ದು ಡೇಟಾಬೇಸ್ ಮತ್ತು ಟ್ರಾನ್ಸಾಕ್ಷನ್ ಮೇಲೆ ಮಾಡಿದ ಕೆಲಸಕ್ಕೆ. ಇಷ್ಟಕ್ಕೆ ಅಷ್ಟು ದೊಡ್ಡ ಪ್ರಶಸ್ತಿ ಯಾಕೆ ಅಂತ ನನಗೆ ತಿಳಿದದ್ದು ಆ ಮೈನಸ್ ಒಂದನ್ನು ನೋಡಿದ ಮೇಲೆ.

ಪ್ರೋಗ್ರಾಂ ಸರಿಮಾಡಲು ಜಾಸ್ತಿ ಹೊತ್ತು ಹಿಡಿಯಲಿಲ್ಲ. ಜಗಳ ಶುರುವಾಗಿದ್ದು ಆಮೇಲೆ. ನೋಟ್‌ಬುಕ್ ಯಾರಿಗೆ? ಮೊದಲು ಆರ್ಡರ್ ಮಾಡಿದವರಿಗಾ, ಯಾರ ದುಡ್ಡು ಮೊದಲು ತಲುಪಿತೋ ಅವರಿಗಾ? ನಮ್ಮ ಅಂಗಡಿ ಇಬ್ಬರಿಗೂ "ನಿಮ್ಮ ಆರ್ಡರ್ ಒಪ್ಪಿಕೊಂಡಿದ್ದೇವೆ" ಅಂತ ಮೇಲ್ ಕಳಿಸಿಬಿಟ್ಟಿತ್ತು. ಗುಂಪಿನಲ್ಲಿ ಒಬ್ಬ, "ಅದು ಕಂಪ್ಯೂಟರ್ ತಾನಾಗೇ ಕಳಿಸಿದ್ದು, ನಾವು ಒಪ್ಪಿಲ್ಲವಲ್ಲ" ಅಂದ. ಕಾನೂನು ಪುಸ್ತಕ ತೆಗೆದೆವು. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ 1996ರಲ್ಲೇ ಎಲೆಕ್ಟ್ರಾನಿಕ್ ಕಾಮರ್ಸ್‌ಗೆ ಒಂದು ಮಾದರಿ ಕಾನೂನು ಮಾಡಿದೆ. ಎಲೆಕ್ಟ್ರಾನಿಕ್ ಸಂದೇಶದ ಮೂಲಕ ಆಯಿತು ಅನ್ನುವ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗುವುದಿಲ್ಲ ಅನ್ನುತ್ತದೆ ಅದು. ತಾನಾಗೇ ಕಳಿಸುವ ಹಾಗೆ ನಾವೇ ಮಾಡಿಟ್ಟ ವ್ಯವಸ್ಥೆ ಕಳಿಸಿದ ಸಂದೇಶ, ನಾವೇ ಕಳಿಸಿದ ಹಾಗೆ. ನಮ್ಮ ನೆಪ ಅಲ್ಲಿಗೆ ಮುಗಿಯಿತು.

ದುಡ್ಡು ವಾಪಸ್ ಕೊಡೋಣ ಅಂದರೆ ಗಿರಾಕಿಯ ದುಡ್ಡನ್ನು ನಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಹಿಡಿದುಕೊಂಡ ಶುಲ್ಕ ನಮಗೆ ವಾಪಸ್ ಬರುವುದಿಲ್ಲ. ಅದನ್ನು ಯಾವ ಲೆಕ್ಕದಲ್ಲಿ ಬರೆಯಬೇಕು? ಗಿರಾಕಿಗೆ ಏನಂತ ಪತ್ರ ಬರೆಯಬೇಕು? ಬೆಳಗಿನ ಜಾವದವರೆಗೆ ಕೂತಿದ್ದೆವು, ಒಂದೇ ಒಂದು ನೋಟ್‌ಬುಕ್‌ಗೋಸ್ಕರ. ಚಿಕ್ಕಪ್ಪ, ನಾನು ಹೇಳಿದ "ತುಂಬಾ" ಇದು.

ಇದನ್ನು ಕೇಳಿದ ಮೇಲೂ ಕೆಲವರು ಇನ್ನೊಂದು ಬಾಣ ಬಿಡುತ್ತಾರೆ. "ಅತ್ತ ಕಂಪ್ಯೂಟರ್ ಸೈನ್ಸೂ ಅಲ್ಲ, ಇತ್ತ ಕಾಮರ್ಸೂ ಅಲ್ಲ." ಇದರಲ್ಲಿ ಸ್ವಲ್ಪ ನಿಜ ಇದೆ. ಅಲ್ಗಾರಿದಂ ನಾವು ಅಷ್ಟು ಆಳವಾಗಿ ಓದುವುದಿಲ್ಲ. ಆ ಕೊರತೆ ನನಗೆ ಗೊತ್ತು, ಅದನ್ನು ನಾನೇ ಕೂತು ಓದಿಕೊಳ್ಳುತ್ತಿದ್ದೇನೆ. ಆದರೆ ಆ ರಾತ್ರಿ ಬರೀ ಪ್ರೋಗ್ರಾಂ ಗೊತ್ತಿದ್ದವರು ಸಂದು ಮುಚ್ಚಿ ಮಲಗಿರುತ್ತಿದ್ದರು. ಬರೀ ಲೆಕ್ಕ ಗೊತ್ತಿದ್ದವರಿಗೆ ಸಂದು ಕಾಣುತ್ತಲೇ ಇರಲಿಲ್ಲ. ಎರಡೂ ಕಡೆಯ ಮಾತು ತಿಳಿಯುವವರು ಒಬ್ಬರಾದರೂ ಬೇಕು ಅಲ್ವಾ?

ಇನ್ನು ಬಟ್ಟೆ ಮಾರುವ ಆ ಹುಡುಗ. ಅವನ ಮೇಲೆ ನನಗೆ ಗೌರವವಿದೆ. ಅವನಿಗೆ ಡಿಗ್ರಿ ಬೇಕಾಗಿಲ್ಲ ಅಂತ ನಾನೂ ಒಪ್ಪುತ್ತೇನೆ. ಒಂದು ಬಟ್ಟೆ ಕಳಿಸಲು ಎಷ್ಟು ಖರ್ಚು, ಎಷ್ಟು ಉಳಿಯುತ್ತದೆ ಅನ್ನುವುದು ಅವನಿಗೆ ಕೈಬೆರಳಲ್ಲಿ ಗೊತ್ತಿರುತ್ತದೆ. ದೊಡ್ಡ ದೊಡ್ಡವರಿಗೇ ಅದು ಗೊತ್ತಾಗಲಿಲ್ಲ. ಸಾಕುಪ್ರಾಣಿಗಳ ಸಾಮಾನು ಮಾರುತ್ತಿದ್ದ ಅಮೆರಿಕದ ಆನ್‌ಲೈನ್ ಅಂಗಡಿ ಪೆಟ್ಸ್ ಡಾಟ್ ಕಾಂ 2000ದ ಫೆಬ್ರವರಿಯಲ್ಲಿ ಷೇರು ಮಾರಿ ಕೋಟಿಗಟ್ಟಲೆ ಡಾಲರ್ ಎತ್ತಿತು. ಅದೇ ವರ್ಷ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ನಾಯಿ ಆಹಾರದ ಭಾರವಾದ ಮೂಟೆಗಳನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಿ, ಮನೆಗೂ ಮುಟ್ಟಿಸುತ್ತಿದ್ದರು. ಆರ್ಡರ್ ಹೆಚ್ಚಾದಷ್ಟೂ ನಷ್ಟ ಹೆಚ್ಚಾಯಿತು. ಇದನ್ನು ನಮಗೆ ಮೊದಲ ವರ್ಷವೇ ಪಾಠ ಮಾಡಿದರು.

ನಿಜ ಹೇಳಬೇಕೆಂದರೆ, ನನ್ನನ್ನು ಯಾರಾದರೂ ಬೇರೆ ಒಂದು ಪ್ರಶ್ನೆ ಕೇಳಲಿ ಅಂತ ಕಾಯುತ್ತಿದ್ದೇನೆ. ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ, ಅಂಥವರಿಗೆ ಜನ ಮೊದಲೇ ದುಡ್ಡು ಕೊಟ್ಟು ಕಾಯುತ್ತಾರಲ್ಲ, ಅದು ಹೇಗೆ ಸಾಧ್ಯವಾಯಿತು?

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಮಾರುಕಟ್ಟೆ ಬಗ್ಗೆ ಬರೆದರು. ಒಳ್ಳೆ ಕಾರು ಯಾವುದು, ಕೆಟ್ಟದ್ದು ಯಾವುದು ಅಂತ ಕೊಳ್ಳುವವರಿಗೆ ತಿಳಿಯುವುದಿಲ್ಲ. ಹಾಗಾಗಿ ಎಲ್ಲದಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾರೆ. ಒಳ್ಳೆ ಕಾರಿನವರು ಬೇಸತ್ತು ಮಾರುಕಟ್ಟೆಯಿಂದ ಹೊರಟುಹೋಗುತ್ತಾರೆ, ಕೆಟ್ಟದ್ದೇ ಉಳಿಯುತ್ತದೆ. ಕೈಯಲ್ಲಿ ಮುಟ್ಟಿ ನೋಡಬಹುದಾದ ಕಾರಿನ ಕಥೆಯೇ ಇದು. ಕಣ್ಣಿಗೂ ಕಾಣದ ಸಾಮಾನಿನ ಗತಿ ಏನಾಗಬೇಕಿತ್ತು?

ಆದರೂ ವ್ಯಾಪಾರ ನಡೆಯಿತು. 1995ರಲ್ಲಿ ಯಾರು ಬೇಕಾದರೂ ಹರಾಜು ಹಾಕಬಹುದಾದ ವೆಬ್‌ಸೈಟ್ ಈಬೇ ಶುರುವಾದಾಗ ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರ್‌ಗೆ. ಕೆಟ್ಟಿದೆ ಅಂತ ಹೇಳಿಯೇ ಮಾರಿದ್ದರು. ಮರುವರ್ಷ ಕೊಂಡವರು ಮಾರಿದವರ ಬಗ್ಗೆ, ಮಾರಿದವರು ಕೊಂಡವರ ಬಗ್ಗೆ ಎಲ್ಲರೂ ಓದುವ ಹಾಗೆ ಅಭಿಪ್ರಾಯ ಬರೆಯುವ ವ್ಯವಸ್ಥೆ ಬಂತು. ಚೀನಾದಲ್ಲಿ ತಾವ್‌ಬಾವ್ ಅನ್ನುವ ಆನ್‌ಲೈನ್ ಮಾರುಕಟ್ಟೆ 2003ರಲ್ಲಿ ಶುರುವಾದಾಗ ಅಪರಿಚಿತರಿಗೆ ದುಡ್ಡು ಕೊಡಲು ಜನ ಹೆದರುತ್ತಿದ್ದರು. ಅದರ ಪಾವತಿ ಸೇವೆ ಅಲಿಪೇ ನಡುವೆ ನಿಂತು ದುಡ್ಡು ಹಿಡಿದಿಟ್ಟುಕೊಂಡಿತು. ಸಾಮಾನು ಕೈಸೇರಿತು ಅಂತ ಕೊಂಡವರು ಹೇಳಿದ ಮೇಲೇ ಮಾರಿದವರಿಗೆ ಕೊಡುತ್ತಿತ್ತು.

ಕಂಪ್ಯೂಟರ್‌ಗಳಿಗೂ ಇದೇ ಕಷ್ಟ ಇತ್ತು. ಹಿಂದೆಂದೂ ಮಾತಾಡದ ಎರಡು ಯಂತ್ರಗಳು, ಎಲ್ಲರೂ ಕದ್ದು ಕೇಳಬಹುದಾದ ದಾರಿಯಲ್ಲಿ, ತಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಗುಟ್ಟೊಂದನ್ನು ಒಪ್ಪಿಕೊಳ್ಳುವುದು ಹೇಗೆ? ಡಿಫಿ ಮತ್ತು ಹೆಲ್ಮನ್ ಅನ್ನುವ ಇಬ್ಬರು ಸಂಶೋಧಕರು 1976ರಲ್ಲಿ ಇದಕ್ಕೆ ಗಣಿತದಲ್ಲೇ ದಾರಿ ತೋರಿಸಿದರು. ಇದನ್ನು ಕ್ಲಾಸಿನಲ್ಲಿ ಕೇಳಿದ ದಿನ ನನಗೆ ಊಟದ ನೆನಪೇ ಆಗಲಿಲ್ಲ. ನಾನು ಈ ಓದನ್ನು ಬಿಡದೆ ಹಿಡಿದುಕೊಂಡಿರುವುದು ಇಂಥ ದಿನಗಳಿಗಾಗಿ. ಚಿಕ್ಕಪ್ಪ ಇದನ್ನು ಕೇಳಿದ್ದರೆ ಅವತ್ತು ರಾತ್ರಿಯಿಡೀ ಮಾತಾಡುತ್ತಿದ್ದೆ.

"ನಾನೂ ಸೇರಲಾ?" ಅಂತ ಕೇಳುವ ಚಿಕ್ಕವರಿಗೆ ಒಂದೇ ಮಾತು. ಸಿಲಬಸ್ ತರಿಸಿ ಓದಿ. ಡೇಟಾಬೇಸ್, ಅಂಕಿಅಂಶ, ಲೆಕ್ಕಪತ್ರ, ಕಾನೂನು ಇವೆಲ್ಲ ಇರಬೇಕು. ಬರೀ ಜಾಹೀರಾತು ಹಾಕೋದು ಮತ್ತು ವೆಬ್‌ಸೈಟ್ ಮಾಡೋದು ಇದ್ದರೆ ಬೇಡ. ಅವನ್ನು ಮನೆಯಲ್ಲೇ ಕಲಿಯಬಹುದು.

ಆ ಎರಡನೇ ಗಿರಾಕಿಗೆ ಏನಾಯಿತು ಅಂತ ಹೇಳಲಿಲ್ಲ. ಆದದ್ದನ್ನೆಲ್ಲ ಮುಚ್ಚಿಡದೆ ಬರೆದೆವು. ದುಡ್ಡು ಈಗಲೇ ಬೇಕಾ, ಇನ್ನೊಂದು ಹೊಲಿದು ಕಳಿಸಲಾ ಅಂತ ಕೇಳಿದೆವು. ಅವರು ಕಾಯುತ್ತೇನೆ ಅಂದರು. ಒಂಬತ್ತು ದಿನ ಕಾದರು. ನೋಟ್‌ಬುಕ್ ತಲುಪಿದ ಮೇಲೆ ನಾಲ್ಕು ಸ್ಟಾರ್ ಕೊಟ್ಟು ಬರೆದರು: "ತಡವಾಯಿತು. ಆದರೆ ನಿಜ ಹೇಳಿದರು."